ಬ್ಯಾರನ್ ತುಂಬಿಸಿ ಕೆಟ್ಟೆ

ಕೈಗೆ ಬಂದ ಕೆಲಸವನ್ನು ತಟ್ಟನೆ ಮುಗಿಸಿಬಿಡುವುದು ನನ್ನ ಚಟ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಧಾರಾವಾಹಿ, ನನಗೆ ಇದು. ಬೇರೆಯವರ ಕೆಲಸ ಅರ್ಧಕ್ಕೆ ನಿಂತಿದ್ದು ಕಂಡರೂ ಕೈ ತುರಿಸುತ್ತದೆ. ನೆಂಟರ ಮನೆಗೆ ಹೋದರೆ ಅವರು ನೆನೆಹಾಕಿದ ಬಟ್ಟೆ ಒಗೆದು ಹರವಿಯೇ ಕೂರುವವಳು ನಾನು. ಇಷ್ಟು ವರ್ಷ ಇದನ್ನು ಒಳ್ಳೆಯ ಗುಣವೆಂದೇ ನಂಬಿದ್ದೆ. ಈ ಗುಣದ ದೆಸೆಯಿಂದ ನನ್ನ ಮೊಮ್ಮಗಳ ಡಿಗ್ರಿ ಒಂದೇ ಮಧ್ಯಾಹ್ನದಲ್ಲಿ ಹೊಗೆಯಾಗಿ ಹೋಗುವುದರಲ್ಲಿತ್ತು.

ನಮ್ಮದು ಬೆಟ್ಟದಪುರದ ಕಡೆ. ಹೊಗೆಸೊಪ್ಪು ಬೆಳೆಯುವವರು. ಮೊಮ್ಮಗಳು ರಂಜಿತಾ, ನನ್ನ ಮಗ ಮಾದೇವನ ಮಗಳು, ಹುಣಸೂರಿನಲ್ಲಿ ಬಿ.ಎ. ಮುಗಿಸಿ ಬಂದವಳು ಒಂದು ದಿನ ಮೈಸೂರಿನಲ್ಲಿ ಡಿಜಿಟಲ್ ಸಿನಿಮಾ ಮಾಡುವುದನ್ನು ಕಲಿಸುವ ಎಂ.ಎ.ಗೆ ಅರ್ಜಿ ಹಾಕುತ್ತೇನೆ ಎಂದಳು. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ತಿಳಿದಂತೆ ಸಿನಿಮಾ ನೋಡುವುದೇ ಹೊರತು ಓದುವುದಲ್ಲ.

“ನೋಡಕೆ ಎರಡು ಗಂಟೆ ಸಾಕು, ಓದಕೆ ಎರಡು ವರ್ಸ ಯಾಕೆ ಬೇಕು? ಪಾಠ ಮಾಡೋ ಮೇಷ್ಟ್ರು ಪರದೆ ಮುಂದೆ ನಿಂತ್ಕತಾರಾ, ಹಿಂದೆ ನಿಂತ್ಕತಾರಾ?” ಎಂದು ಸೊಪ್ಪು ಕಟ್ಟುತ್ತಲೇ ಅವಳಿಗೆ ಮಂಗಳಾರತಿ ಎತ್ತಿದೆ. ಅವಳು ಮೊಬೈಲು ಹಿಡಿದು ಎದುರಿಗೆ ನಿಂತಿದ್ದಳು, ತುಟಿ ಬಿಚ್ಚಲಿಲ್ಲ. ನಾಚಿಕೆಯಾಗಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅರ್ಜಿಯ ಜೊತೆಗೆ ಮೂರು ನಿಮಿಷದ ಒಂದು ಚಿತ್ರ ತೆಗೆದು ಕಳಿಸಬೇಕಿತ್ತಂತೆ. ಅವಳು ನನ್ನ ಬೈಗುಳವನ್ನೇ ಕಳಿಸಿದ್ದಳು. ಸೀಟು ಬಂತು.

“ಅವ್ರು ನಿನ್ನ ನೋಡಿ ಸೀಟು ಕೊಟ್ರೋ, ನನ್ನ ನೋಡಿ ಕೊಟ್ರೋ?” ಎಂದು ಕೇಳಿದೆ.

“ನಿನ್ನ ಬಾಯಿ ನೋಡಿ ಕಣಜ್ಜಿ!”

ಎರಡು ವರ್ಷ ಹೇಗೋ ಓಡಿತು. ಕೊನೆಗೆ ಒಬ್ಬೊಬ್ಬರೂ ಸ್ವಂತ ಚಿತ್ರ ಮಾಡಿ ಒಪ್ಪಿಸಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ. ಇವಳು ಆರಿಸಿಕೊಂಡಿದ್ದು ನಮ್ಮ ಹೊಗೆಸೊಪ್ಪನ್ನೇ. ಗಿಡದಿಂದ ಹಸಿಸೊಪ್ಪು ಮುರಿದು, ಕಡ್ಡಿಗಳಿಗೆ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ನೇತುಹಾಕಿ, ಬಾಗಿಲು ಮುಚ್ಚಿ ಬೆಂಕಿ ಹಾಕಿ ಹದ ಮಾಡುತ್ತೇವೆ. ಮುರಿಯುವುದು ಆಗಲೇ ಅವಳ ಚಿತ್ರದಲ್ಲಿ ಸೇರಿತ್ತು. ಕಟ್ಟುವುದು, ಬ್ಯಾರನ್ ತುಂಬುವುದು ಬಾಕಿ. ಊರಿನ ಸೊಪ್ಪೆಲ್ಲ ಆಗಲೇ ಮುಗಿದು, ನಮ್ಮ ಹೊಲದ ಕೊನೆಯ ಸೊಪ್ಪು ಮಾತ್ರ ಉಳಿದಿತ್ತು.

ಅವತ್ತು ಅವಳ ಜೊತೆ ಕ್ಯಾಮರಾ ಹಿಡಿಯಲು ಗೆಳತಿ ನಸ್ರೀನ್ ಬಂದಿದ್ದಳು, ಹುಣಸೂರಿನ ಪಾತ್ರೆ ಅಂಗಡಿಯವರ ಮಗಳು. ಆ ಹುಡುಗಿ ಹುರುಳಿಕಾಳಷ್ಟು ಗಾತ್ರದ ಮೈಕೊಂದನ್ನು ನನ್ನ ಸೆರಗಿನೊಳಗೆ ಸಿಕ್ಕಿಸಿ, ಪುಟ್ಟ ಡಬ್ಬಿಯೊಂದನ್ನು ಸೊಂಟಕ್ಕೆ ಸಿಗಿಸಿದಳು. ಆಮೇಲೆ ಶುರುವಾಯಿತು. “ಅಜ್ಜಿ, ಇನ್ನೊಂದ್ಸಲ ಕಟ್ತೀರಾ? ಬೆಳಕು ಸರಿಯಾಗಿ ಬರಲಿಲ್ಲ.”

“ಕಟ್ಟಿದ್ದ ಬಿಚ್ಚಿ ಕಟ್ಟಕೆ ನನಗೇನು ತಲೆ ಕೆಟ್ಟದಾ? ಮುಂದಿನ ಕಡ್ಡಿ ಹಿಡ್ಕೊ, ಎಲ್ಲಾ ಒಂದೇ ತರ ಅವೆ!”

ಹೀಗೆ ಬಿಸಿಲು ನೆತ್ತಿಗೇರುವವರೆಗೂ ಒದ್ದಾಡಿ, ಮುದ್ದೆ ಬಸ್ಸಾರು ಉಂಡರು. “ಸಂಜೆ ಬಿಸಿಲು ಬಂಗಾರದಂಗೆ ಬೀಳ್ತದೆ ಅಜ್ಜಿ, ಆವಾಗ ಬ್ಯಾರನ್ ತುಂಬೋದು ತೆಗೀತೀವಿ” ಎಂದು ರಂಜಿತಾ ಜಗಲಿಯ ಮೇಲೆ ಸ್ವಲ್ಪ ಒರಗಿದಳು. ಪಕ್ಕದಲ್ಲಿ ನಸ್ರೀನ್. ಇಬ್ಬರಿಗೂ ಗಾಢ ನಿದ್ದೆ. ಕಟ್ಟಿದ ಕಡ್ಡಿಗಳು ಹೊರಗೇ ಬಿದ್ದಿದ್ದವು. ನನ್ನ ಕೈ ತುರಿಸಿತು. ಪಾಪ, ಮಕ್ಕಳು ದಣಿದಿವೆ, ಏಳುವಷ್ಟರಲ್ಲಿ ಮುಗಿಸಿಕೊಟ್ಟರೆ ಅವಕ್ಕೂ ಹಗುರವಾದೀತು ಅಂದುಕೊಂಡೆ. ಬೆಳಿಗ್ಗೆ ನನ್ನ ಜೊತೆ ಸೊಪ್ಪು ಕಟ್ಟಿದ್ದ ಪಕ್ಕದ ಮನೆ ಪುಟ್ಟಮ್ಮನನ್ನೂ ಇನ್ನು ನಾಲ್ಕು ಹೆಂಗಸರನ್ನೂ ಕೂಗಿ, ಮಾದೇವನನ್ನು ಮೇಲೆ ಹತ್ತಿಸಿ, ಕಡ್ಡಿಗಳನ್ನೆಲ್ಲ ಒಳಗೆ ಏರಿಸಿ, ಬಾಗಿಲು ಹಾಕಿ, ಕೈಮುಗಿದು ಬೆಂಕಿ ಹಚ್ಚಿಸಿದೆ. ಎಂಥಾ ಹೆಮ್ಮೆ ನನಗೆ!

ರಂಜಿತಾ ಕಣ್ಣುಜ್ಜುತ್ತಾ ಬಂದಳು. “ಅಜ್ಜೀ, ಕಡ್ಡಿಗಳೆಲ್ಲಿ?”

“ಬ್ಯಾರನ್ ಒಳಗವೆ. ಬೆಂಕಿನೂ ಹಚ್ಚಾಯ್ತು. ಮಖ ತೊಳ್ಕಂಡು ಕಾಪಿ ಕುಡೀರಿ.”

“ಅಯ್ಯೋ ಆರ್ಸು ಅಜ್ಜಿ!”

“ಆರ್ಸಕೆ ಅದೇನು ಗ್ಯಾಸ್ ಒಲೆಯಾ?”

ಅವಳು ನೆಲದ ಮೇಲೆ ಕುಸಿದು ಅಳತೊಡಗಿದಳು. ನಾನು ಅಳುವವಳಲ್ಲ, ಅಳುವವರನ್ನು ಏನು ಮಾಡಬೇಕೆಂದೂ ತಿಳಿಯದು. ಮಾದೇವ ಮೆಲ್ಲಗೆ, “ಈಗ ಬಾಗ್ಲು ತೆಗೆದ್ರೆ ಸೊಪ್ಪಿನ ಬಣ್ಣ ಕೆಡ್ತದೆ ಕಣವ್ವ, ಇನ್ನು ಮುಂದಿನ ವರ್ಸವೇಯ” ಎಂದ. ಚಿತ್ರ ಒಪ್ಪಿಸಬೇಕಾದದ್ದು ಮುಂದಿನ ತಿಂಗಳು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮೈಕು ಬಿಚ್ಚಿಕೊಳ್ಳಲು ನಸ್ರೀನ್ ಅಲ್ಲಿಗೇ ಬಂದಳು. ನನ್ನ ಸೊಂಟದ ಡಬ್ಬಿಯಲ್ಲಿ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು, ಕೇಳಿ ಬಿದ್ದು ಬಿದ್ದು ನಕ್ಕಳು. “ರಂಜಿ, ಓಡಿ ಬಾರೇ! ಪೂರ್ತಿ ಬ್ಯಾರನ್ ಇದರಲ್ಲಿದೆ!”

ಚಿತ್ರ ಇಲ್ಲ, ಮಾತು ಮಾತ್ರ ಇತ್ತು. ಆ ಹುಡುಗಿಯರು ಏನು ಮಾಡಿದರು ಗೊತ್ತೇ? ಮುಚ್ಚಿದ ಬಾಗಿಲನ್ನೂ ಮೇಲೆ ಏಳುವ ಹೊಗೆಯನ್ನೂ ಸಂಜೆಯ ಬಿಸಿಲಿನಲ್ಲಿ ತೆಗೆದು, ನಮ್ಮ ಮಾತುಗಳನ್ನು ಅದಕ್ಕೆ ಹೊಂದಿಸಿದರು. “ಮುಚ್ಚಿದ ಬಾಗ್ಲ ಯಾರೇ ನೋಡ್ತಾರೆ?” ಎಂದೆ. ಈ ಸಲ ಯಾರೂ ನನ್ನ ಸಲಹೆ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮೈಸೂರಿನ ಕಾಲೇಜಿನಲ್ಲಿ ಚಿತ್ರ ತೋರಿಸಿದ ದಿನ ಪುಟ್ಟಮ್ಮನೂ ಹಟ ಹಿಡಿದು ಬಂದು ನನ್ನ ಪಕ್ಕದಲ್ಲೇ ಕುಳಿತಳು. ಪರದೆಯ ಮೇಲೆ ಬಾಗಿಲು ಕಂಡಿತು. ಒಳಗಿನಿಂದ ನನ್ನ ಧ್ವನಿ: “ಪುಟ್ಟಮ್ಮ ನೀರು ಕುಡಿಯಕೋದ್ಲಾ? ಬರೋದ್ರೊಳಗೆ ಅವಳ ಗಂಟೆಲ್ಲಾ ಬಿಗಿ ಮಾಡ್ರೇ. ಒಂದೂ ನಿಲ್ಲಕಿಲ್ಲ, ಬಾಯಿ ಮಾತ್ರ ಬಲು ಗಟ್ಟಿ!” ಸಭೆ ಗೊಳ್ಳೆಂದು ನಕ್ಕಿತು. ಕತ್ತಲಲ್ಲಿ ಪುಟ್ಟಮ್ಮ ನನ್ನ ತೊಡೆ ಜಿಗುಟಿದ ಗುರುತು ವಾರವಾದರೂ ಹೋಗಲಿಲ್ಲ. ಅಷ್ಟರಲ್ಲಿ ಮತ್ತೆ ನಾನೇ: “ಬೇಗ ಏರ್ಸು ಮಾದೇವ. ನನ್ನ ಮೊಮ್ಮಗಳು ಬೆಳಿಗ್ಗೆಯಿಂದ ಎತ್ತಿನಂಗೆ ದುಡಿದವ್ಳೆ. ಅವಳ ಮುಂದೆ ಹೇಳ್ಬ್ಯಾಡ, ಕೊಬ್ಬತಾಳೆ.” ಮುಂದಿನ ಸಾಲಿನಲ್ಲಿದ್ದ ರಂಜಿತಾ ಹಿಂತಿರುಗಿ ನನ್ನನ್ನೇ ನೋಡಿದಳು. ನಾನು ಚೀಲದಲ್ಲಿ ಇಲ್ಲದ ಏನನ್ನೋ ಹುಡುಕಿದೆ.

ದೀಪ ಹತ್ತಿದ ಮೇಲೆ ಮೇಷ್ಟ್ರೊಬ್ಬರು, “ಬಾಗಿಲು ಮುಚ್ಚಿಯೇ ತೋರಿಸಬೇಕೆಂದು ಹೇಗಮ್ಮಾ ಹೊಳೆಯಿತು?” ಎಂದು ಕೇಳಿದರು.

“ಅದು ಅಜ್ಜಿಯ ತೀರ್ಮಾನ ಸರ್” ಎಂದಳು ರಂಜಿತಾ.

ಪಾಸಾದಳು, ಒಳ್ಳೆಯ ದರ್ಜೆಯಲ್ಲೇ. ಈ ವರ್ಷ ಮತ್ತೆ ಸೊಪ್ಪು ಬಂದಿದೆ. ಕಟ್ಟಲು ಕುಳಿತರೆ ಹೆಂಗಸರು ಒಬ್ಬರೂ ಬಾಯಿ ಬಿಡುವುದಿಲ್ಲ. “ಮೊದ್ಲು ಸೆರಗು ಕೊಡವಕ್ಕ” ಎನ್ನುತ್ತಾಳೆ ಪುಟ್ಟಮ್ಮ. ಕೊಡವಿ ತೋರಿಸುತ್ತೇನೆ. ಅಷ್ಟಕ್ಕೂ ಬಿಡದೆ ನನ್ನ ಪಕ್ಕದಲ್ಲೇ ಕುಳಿತು, ನಾನು ಹಾಕಿದ ಗಂಟುಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡುತ್ತಾಳೆ. ನಿನ್ನೆ ಒಂದು ಬಿಚ್ಚಿಕೊಂಡಿತು. ಎದುರಿಗೇ ಕ್ಯಾಮರಾ ಹಿಡಿದು ನಿಂತಿದ್ದಳು ರಂಜಿತಾ, ಈ ಸಲ ಚೆನ್ನಾಗಿ ಎಚ್ಚರವಾಗಿಯೇ ಇದ್ದಳು.