ಮಾಮಾ ಬೆನ್ನು ತಟ್ಟಿದ ಕುದುರೆ

ಕುದುರೆಗಳ ವಿಷಯದಲ್ಲಿ ನನ್ನ ಸೋದರಮಾವನಷ್ಟು ನಂಬಿಗಸ್ಥ ಮನುಷ್ಯ ಇಡೀ ಹಳಿಯಾಳ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಯಾವ ಕುದುರೆ ಗೆಲ್ಲುತ್ತದೆ ಎನ್ನುತ್ತಿದ್ದನೋ ಅದು ಸೋಲುತ್ತಿತ್ತು. ಯಾವ ವರ್ಷವೂ ಇದು ತಪ್ಪಲಿಲ್ಲ. ಹವಾಮಾನ ಹೇಳುವವರು ಕೂಡ ಅಪ್ಪಿತಪ್ಪಿ ಒಂದು ದಿನ ಸರಿಯಾಗಿ ಹೇಳಿಬಿಡುತ್ತಾರೆ. ನಮ್ಮ ಮಾಮಾನಿಂದ ಅಂಥ ಅಚಾತುರ್ಯ ನಡೆದದ್ದಿಲ್ಲ.

ಸುಗ್ಗಿ ಮುಗಿದು ಹೊಲಗಳು ಖಾಲಿಯಾದ ಮೇಲೆ ತೇರಗಾಂವದ ಕಡೆ ಕುದುರೆ ಶರ್ಯತ್ತು ನಡೆಯುತ್ತದೆ. ದೊಡ್ಡ ಊರುಗಳ ರೇಸಿನಂತೆ ಸಪಾಟು ಹುಲ್ಲಿನ ಮೇಲೆ ಓಡುವ ಸುಖ ಇಲ್ಲಿಲ್ಲ. ಕೊಯ್ದ ಗದ್ದೆಯ ಕೂಳೆಗಳ ಮೇಲೆ ಓಡಬೇಕು, ಬದು ಹಾರಬೇಕು, ಮುಳ್ಳಿನ ಬೇಲಿ ಜಿಗಿಯಬೇಕು, ಕೊನೆಗೆ ಕೆಸರು ತುಂಬಿದ ಒಂದು ಹಳ್ಳ ದಾಟಬೇಕು. ಎಷ್ಟೋ ಸಲ ಕುದುರೆ ಬದುವಿನ ಆಚೆ ಇಳಿದಿರುತ್ತದೆ, ಸವಾರ ಈಚೆಯೇ ಇಳಿದಿರುತ್ತಾನೆ. ಆದರೂ ಮುಂಡಗೋಡದಿಂದ, ಜೊಯಿಡಾದಿಂದ, ಬೆಳಗಾವಿ ಕಡೆಯಿಂದ ಕುದುರೆಗಳು ಬರುತ್ತವೆ. ಗೆದ್ದವನ ಮನೆಯಲ್ಲಿ ವರ್ಷವಿಡೀ ಅದೇ ಮಾತು.

ಮಾಮಾ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತನಾದವನು. ಮದುವೆಯಾಗಲಿಲ್ಲ. ಕನ್ಯೆ ನೋಡುವ ಕಾಲಕ್ಕೇ ಶರ್ಯತ್ತೂ ಬರುತ್ತದೆ, ಎರಡೂ ಕಡೆ ಹೇಗೆ ಹೋಗಲಿ ಎಂಬುದು ಅವನ ವಾದ. ಶರ್ಯತ್ತು ಹತ್ತಿರ ಬಂತೆಂದರೆ ತಲೆಗೆ ಟವೆಲ್ ಸುತ್ತಿಕೊಂಡು ಬಸ್ಸು ಹತ್ತಿ ಊರೂರು ತಿರುಗುವನು. ಯಾರ ಹಿತ್ತಲಲ್ಲಿ ಕುದುರೆ ಇದೆಯೋ ಅಲ್ಲಿ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂರುವನು. ಓಡಿಸಿ ತೋರಿಸುತ್ತೇವೆ ಎಂದರೆ ಬೇಡ ಎನ್ನುವನು. "ಓಡೂದನ್ನ ಎಲ್ಲಾರೂ ನೋಡ್ತಾರ, ನಾ ನಿಂತದ್ದನ್ನ ನೋಡ್ತೇನಿ" ಎಂಬುದು ಅವನ ಶಾಸ್ತ್ರ. ಅದು ಹುಲ್ಲು ಅಗಿಯುವ ಸದ್ದು ಕೇಳುವನು, ಕಿವಿಯ ಹಿಂದೆ ಮೂಸುವನು, ಲದ್ದಿಯನ್ನು ಕಡ್ಡಿಯಿಂದ ಕೆದಕುವನು. ಕೊನೆಗೆ ಮೆಚ್ಚಿದ ಕುದುರೆಯ ಬೆನ್ನು ತಟ್ಟುವನು. ಅಲ್ಲಿಗೆ ಆ ಕುದುರೆಯ ಕಥೆ ಮುಗಿಯಿತು.

ಹೋದಲ್ಲೆಲ್ಲ ಅವನಿಗೆ ಚಹಾ, ಅವಲಕ್ಕಿ, ಕೆಲವೊಮ್ಮೆ ಊಟ. ತನ್ನ ಜ್ಞಾನಕ್ಕೆ ಜನ ಕೊಡುವ ಮರ್ಯಾದೆ ಇದು ಎಂದು ಮನೆಗೆ ಬಂದು ಅವ್ವನ ಮುಂದೆ ಹೇಳಿಕೊಳ್ಳುವನು. ಅವ್ವ ತಮ್ಮನ ಮುಖ ನೋಡಿ ಒಲೆಯ ಕಡೆ ತಿರುಗುವಳು. ಕುದುರೆಯ ಯಜಮಾನರು ಚಹಾ ಕೊಟ್ಟು ಅವನ ಕಿವಿಯಲ್ಲಿ ಹೇಳುತ್ತಿದ್ದದ್ದು ಇಷ್ಟೆ: ನಮ್ಮದೇನೂ ದೊಡ್ಡದಲ್ಲ, ಪಕ್ಕದವರ ಕುದುರೆ ನೋಡಿ ಬನ್ನಿ, ಬಹಳ ಚೆನ್ನಾಗಿದೆ. ಒಬ್ಬನಂತೂ ಮಾಮಾ ಬರುವ ಸುದ್ದಿ ತಿಳಿದೊಡನೆ ತನ್ನ ಕುದುರೆಯನ್ನು ಅಡುಗೆಮನೆಯಲ್ಲಿ ಅಡಗಿಸಿದ್ದನಂತೆ. ಅದು ಒಳಗಿನಿಂದ ಕೆನೆದಾಗ ಹೆಂಡತಿಗೆ ನೆಗಡಿ ಎಂದನಂತೆ. ಬೇಗ ಗುಣವಾಗಲಿ ಎಂದು ಹಾರೈಸಿ ಮಾಮಾ ಎದ್ದು ಬಂದ.

ಒಂದು ವರ್ಷ ಮಾಮಾ ಮೆಚ್ಚಿದ್ದು ಜೊಯಿಡಾ ಕಡೆಯ ಒಂದು ಹೋಮ್‌ಸ್ಟೇಯ ಕುದುರೆಯನ್ನು. ಪ್ರವಾಸಿಗರನ್ನು ಕೂರಿಸಿಕೊಂಡು ಕಾಡು ಏರಿ ಇಳಿದ ಕುದುರೆ, ಇದಕ್ಕೆ ಬದು ಯಾವ ಲೆಕ್ಕ ಎಂದ. ನಿಜವೇ. ಬದುಗಳನ್ನು ಹೂವಿನಂತೆ ಹಾರಿತು. ಎಲ್ಲರಿಗಿಂತ ಮುಂದಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಮೊಬೈಲು ಎತ್ತಿ ಹಿಡಿದ. ಕುದುರೆ ಗಕ್ಕನೆ ನಿಂತು, ಕುತ್ತಿಗೆ ವಾರೆ ಮಾಡಿ, ಫೋಟೋ ಮುಗಿಯುವವರೆಗೂ ಅಲ್ಲಾಡಲಿಲ್ಲ. ಮರುವರ್ಷ ಮುಂಡಗೋಡದ ಬಿಳಿ ಕುದುರೆ. ನೋಡಲು ಬಲು ಚೆಂದ. ಮದುವೆಯ ಮೆರವಣಿಗೆಗೆ ಬಾಡಿಗೆಗೆ ಹೋಗುವಂಥದ್ದು ಎಂಬುದನ್ನು ಮಾಮಾ ಗಮನಿಸಿರಲಿಲ್ಲ. ಶರ್ಯತ್ತು ಶುರುವಾಗುವಾಗ ಬ್ಯಾಂಡು ಬಾರಿಸಿದರು. ಉಳಿದವೆಲ್ಲ ಓಡಿದವು; ಇದು ನಿಂತಲ್ಲೇ ಕುಣಿಯತೊಡಗಿತು.

ಮದುವೆಯ ಮಾತು ಬಂತಲ್ಲ, ನನ್ನ ಮದುವೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ನನಗೆ ಹಳಿಯಾಳದ ಒಂದು ಸಂಬಂಧ ಬಂದಾಗ ಅಪ್ಪ ಹಾಸಿಗೆ ಹಿಡಿದಿದ್ದರು. ಹುಡುಗನನ್ನು ನೋಡಿಕೊಂಡು ಬರುವ ಕೆಲಸ ಯಾರಿಗೆ ಬಿತ್ತು? ಮಾಮಾನಿಗೆ. ಪಂಪ್‌ಸೆಟ್ಟು, ಪೈಪುಗಳ ದೊಡ್ಡ ಅಂಗಡಿ, ತುಂಬಿದ ಮನೆ. ಮಾಮಾ ಹೋದ, ಎದುರಿಗೆ ಕೂತ, ನೋಡಿದ, ಬಂದ. "ಮೀನಖಂಡ ಗಟ್ಟಿ ಅದಾವು. ಕುತ್ತಿಗಿ ನೆಟ್ಟಗ ಐತಿ. ಹಲ್ಲು ಛಲೋ ಅದಾವು. ಹೂಂ ಅನ್ರಿ" ಎಂದ. ಬಾಯಿ ಬಿಡಿಸಿ ನೋಡಿದನೋ, ಬಾಳೆಹಣ್ಣು ತಿನ್ನುವಾಗ ನೋಡಿದನೋ ನಾವು ಕೇಳಲಿಲ್ಲ. ಹೂಂ ಅಂದೆವು.

ಕಾಲು ಗಟ್ಟಿ ಎಂದದ್ದು ಸುಳ್ಳಲ್ಲ. ಪಲ್ಯದಲ್ಲಿ ಉಪ್ಪು ಹೆಚ್ಚಾದ ಒಂದು ಮಧ್ಯಾಹ್ನ, ತಾಟು ತೆಗೆಯಲು ನಾನು ಬಗ್ಗಿದಾಗ, ಅದು ನನ್ನ ಪಕ್ಕೆಲುಬಿಗೆ ಚೆನ್ನಾಗಿ ಮನವರಿಕೆಯಾಯಿತು. ಆಮೇಲೆ ಉಪ್ಪು ಸರಿಯಾಗಿದ್ದಾಗಲೂ ಮನವರಿಕೆಯಾಗುತ್ತ ಹೋಯಿತು. ಅತ್ತೆ ಬಾಗಿಲು ಮುಂದೆ ಮಾಡಿ ಟೀವಿಯ ಸದ್ದು ಏರಿಸುವರು. ಕೊನೆಗೆ ಒಂದು ದಿನ ಉಟ್ಟ ಸೀರೆಯಲ್ಲೇ ದಾಂಡೇಲಿ ಬಸ್ಸು ಹತ್ತಿದೆ.

ಸಮಾಧಾನ ಹೇಳಲು ಬಂಧುಗಳು ಬಂದರು. ಅಪ್ಪ ಇದನ್ನು ನೋಡಲು ಇರಲಿಲ್ಲ, ಅಷ್ಟು ಪುಣ್ಯ. ಬಂದವರಲ್ಲಿ ಒಬ್ಬ ಚಿಗವ್ವ ನಿಟ್ಟುಸಿರು ಬಿಟ್ಟು, ನಿಮ್ಮ ಮಾಮಾ ಆರಿಸಿದ ವರ ಎಂದಾಗಲೇ ತನಗೆ ಅನುಮಾನ ಇತ್ತು ಎಂದಳು. ಉಳಿದವರೂ ತಲೆಯಾಡಿಸಿದರು. ಎಲ್ಲರಿಗೂ ಅನುಮಾನ ಇತ್ತಂತೆ. ಅನುಮಾನ ಇದ್ದವರೆಲ್ಲ ನನ್ನ ಮದುವೆಯಲ್ಲಿ ಹೋಳಿಗೆಗೆ ಎರಡೆರಡು ಸಲ ತುಪ್ಪ ಹಾಕಿಸಿಕೊಂಡದ್ದು ನನಗೆ ನೆನಪಿದೆ. ಬಾಯಿ ತುಂಬ ಹೋಳಿಗೆ ಇದ್ದರೆ ಅನುಮಾನ ಹೇಳುವುದು ಹೇಗೆ, ಪಾಪ.

ನಾನು ಒಂದು ಬಾಲವಾಡಿಯಲ್ಲಿ ಕೆಲಸ ಹಿಡಿದೆ. ಮಾಮಾನ ಜೊತೆ ಮಾತು ಬಿಟ್ಟೆ. ಅವನೂ ಒಳಗೆ ಬರುವುದನ್ನು ಬಿಟ್ಟ. ಹೊರಗಿನ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದ. ಕಿಟಕಿಯಿಂದ ನೋಡುತ್ತಿದ್ದೆ. ಕರುಣೆ ಬರುತ್ತಿತ್ತೇ? ಇಲ್ಲ. ಪಕ್ಕೆ ನೋಯುವಾಗ ಕರುಣೆ ಬರುವುದಿಲ್ಲ. ಕುದುರೆ ಸೋತರೆ ಮುಂದಿನ ವರ್ಷ ಇನ್ನೊಂದು ಕುದುರೆ ಇರುತ್ತದೆ, ನನಗೇನಿತ್ತು?

ಈ ವರ್ಷ ಒಂದು ಸುದ್ದಿ ಬಂತು. ನನ್ನ ಗಂಡ ಬೆಳಗಾವಿ ಕಡೆಯಿಂದ ಒಂದು ಕಪ್ಪು ಕುದುರೆ ತಂದಿದ್ದಾನೆ, ಶರ್ಯತ್ತಿಗೆ ಬಿಡುತ್ತಾನೆ ಎಂದು. ಜೊತೆಗೆ ಆಳಿನ ಕೈಯಲ್ಲಿ ಹೇಳಿಯೂ ಕಳಿಸಿದ್ದನಂತೆ, ಮಾಮಾ ತನ್ನ ಲಾಯದ ಕಡೆ ಸುಳಿಯಕೂಡದು ಎಂದು. ಮಾಮಾ ಸುಳಿಯಲಿಲ್ಲ. ಈ ಸಲ ಯಾರ ಹಿತ್ತಲಿಗೂ ಹೋಗಲಿಲ್ಲ. ಶರ್ಯತ್ತಿನ ಬೆಳಿಗ್ಗೆ ಮಾತ್ರ ನಮ್ಮ ಬಾಗಿಲಲ್ಲಿ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ. ಹೊಸ್ತಿಲು ದಾಟದೆ, ನನ್ನ ಮುಖ ನೋಡದೆ, "ಇವತ್ತ ನೀ ನನ್ನ ಜೋಡಿ ಬರಬೇಕವಾ" ಎಂದ.

ಅವ್ವ ಬೇಡವೆಂದಳು. ನಾನು ಹೋದೆ. ಯಾಕೆ ಎಂದು ಕೇಳಬೇಡಿ. ಆ ಕುದುರೆ ಬೀಳುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಇತ್ತೆಂದು ಕಾಣುತ್ತದೆ. ಬಸ್ಸಿನಲ್ಲಿ ಅವನು ಮುಂದಿನ ಸೀಟು, ನಾನು ಹಿಂದಿನ ಸೀಟು. ಹಳಿಯಾಳ ದಾಟುವವರೆಗೂ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಹೊಲದ ಅಂಚಿಗೆ ಕುದುರೆಗಳು ಸಾಲಾಗಿ ನಿಂತಿದ್ದವು. ಶರ್ಯತ್ತಿಗೆ ಮುಂಚೆ ಮಾಮಾ ಒಂದು ಸುತ್ತು ಬಂದು ತನ್ನ ತೀರ್ಪು ಹೇಳುವುದು ರೂಢಿ. ಅದೇ ಜನಕ್ಕೆ ಅರ್ಧ ಮಜಾ. ಅವನು ಹತ್ತಿರ ಬಂದಂತೆ ಯಜಮಾನರು ತಮ್ಮ ಕುದುರೆಗೆ ಅಡ್ಡ ನಿಲ್ಲುತ್ತಿದ್ದರು, ಅವನು ಮುಂದೆ ಹೋದೊಡನೆ ಉಸಿರು ಬಿಡುತ್ತಿದ್ದರು. ಮಾಮಾ ಯಾವುದನ್ನೂ ನೋಡಲಿಲ್ಲ. ನೆಟ್ಟಗೆ ಕಪ್ಪು ಕುದುರೆಯ ಮುಂದೆ ಹೋಗಿ ನಿಂತ. ಕಿವಿ ಮೂಸಲಿಲ್ಲ, ಕುಕ್ಕರಗಾಲಲ್ಲಿ ಕೂರಲೂ ಇಲ್ಲ. ಬೆನ್ನು ತಟ್ಟಿದ. ಎಲ್ಲರಿಗೂ ಕೇಳುವಂತೆ, "ಈ ವರ್ಷ ಇದ" ಎಂದ.

ಜನ ಹೋ ಎಂದರು, ಶಿಳ್ಳೆ ಹಾಕಿದರು. ನನ್ನ ಗಂಡ ಕಪ್ಪು ಕನ್ನಡಕ ತೆಗೆದ. ಮುಖ ಬಿಳಚಿಕೊಂಡಿತ್ತು. ದನಿ ತಗ್ಗಿಸಿ, "ಮಾಮಾ, ಬ್ಯಾರೇ ಯಾವದರ ಹೇಳ್ರಿ" ಎಂದ. ಅವನು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕ? ನಾ ಆರಿಸಿದ್ದು ಆರಿಸಿದ್ದ," ಎಂದ ಮಾಮಾ. "ನಿನ್ನೂ ನಾನ ಆರಿಸಿದ್ದೆ. ನೆನಪೈತೇನು?"

ಶಿಳ್ಳೆ ನಿಂತಿತು. ಸುತ್ತ ನಿಂತವರಲ್ಲಿ ಕೆಲವರು ನೆಲ ನೋಡಿದರು, ಕೆಲವರು ನನ್ನನ್ನು ನೋಡಿದರು. ಮಾಮಾ ನಡೆದು ಬಂದು ನನ್ನ ಪಕ್ಕದಲ್ಲಿ ನಿಂತ. ನಾನು ಏನೂ ಕೇಳಿರಲಿಲ್ಲ, ಆದರೂ ಹೊಲದ ಕಡೆ ನೋಡುತ್ತಲೇ ಹೇಳಿದ: "ಚಾ ಯಾಕ ಕೊಡ್ತಾರ ಅಂತ ತಿಳೀದಷ್ಟು ಹುಚ್ಚ ಅಲ್ಲವಾ ನಾ. ಕುದುರಿ ನೋಡಾಕ ಸಿಗ್ತಾವಲ್ಲ ಅಂತ ಹೋಗ್ತಿದ್ದೆ."

ಶರ್ಯತ್ತು ಶುರುವಾಯಿತು. ಮೊದಲ ಬದುವಿನಲ್ಲಿ ಒಂದು ಕುದುರೆ ಮುಗ್ಗರಿಸಿತು, ಕಪ್ಪು ಕುದುರೆ ಹಾರಿತು. ಬೇಲಿಯ ಹತ್ತಿರ ಎರಡು ಒಂದಕ್ಕೊಂದು ಡಿಕ್ಕಿ ಹೊಡೆದವು, ಕಪ್ಪು ಕುದುರೆ ಹಾರಿತು. ಮಾಮಾ ಬೀಳು, ಬೀಳು ಎಂದು ಬಾಯೊಳಗೇ ಗೊಣಗುತ್ತಿದ್ದ. ಹಳ್ಳದ ಕೆಸರಿನಲ್ಲಿ ಉಳಿದವೆಲ್ಲ ಹೂತು ನಿಂತವು. ಕಪ್ಪು ಕುದುರೆ ಅತ್ತಿತ್ತ ನೋಡದೆ ಒಂದೇ ನೆಗೆತಕ್ಕೆ ಆಚೆ ದಡ ಸೇರಿತು. ಗೆದ್ದಿತು. ಅದೂ ಎಂಥ ಗೆಲುವು! ಎರಡನೆಯ ಕುದುರೆ ಬರುವಷ್ಟರಲ್ಲಿ ಇದು ಮೇಯತೊಡಗಿತ್ತು.

ಜನ ಕುದುರೆಯನ್ನು ಬಿಟ್ಟು ಮಾಮಾನ ಕಡೆ ಓಡಿ ಬಂದರು. ಹೆಗಲ ಮೇಲೆ ಹೊತ್ತರು, ಗುಲಾಲು ಎರಚಿದರು, ಕುಣಿದರು. ಇಷ್ಟು ವರ್ಷಕ್ಕೆ ಮಾಮಾ ಗೆದ್ದ ಎಂದು ಕೂಗಿದರು. ನನ್ನ ಗಂಡ ಹಲ್ಲು ಕಿರಿಯುತ್ತ ಬಂದು ಅವನ ತಲೆಗೆ ಪೇಟ ಸುತ್ತಿಸಿದ. ಹಲ್ಲು ಛಲೋ ಇದ್ದವು, ಅದೂ ನಿಜವೇ.

ಆ ಗದ್ದಲದ ಮೇಲೆ, ಯಾರದೋ ಹೆಗಲಲ್ಲಿ ತೂಗಾಡುತ್ತ, ಮಾಮಾ ನನ್ನನ್ನು ಹುಡುಕುತ್ತಿದ್ದ. ಕಣ್ಣಿಗೆ ಕಣ್ಣು ಸಿಕ್ಕಿದೊಡನೆ ಒದ್ದಾಡಿ ಕೆಳಗಿಳಿದ. ಪೇಟ ಬಿಚ್ಚಿ ಅಲ್ಲೇ ಬದುವಿನ ಮೇಲಿಟ್ಟ. ನನ್ನ ಮುಂದೆ ಬಂದು, ಮುಖದ ತುಂಬ ಗುಲಾಲು, ಅದರ ನಡುವೆ ಎರಡು ಒದ್ದೆ ಗೆರೆ, ಚಿಕ್ಕ ಹುಡುಗನಂತೆ ನಿಂತ.

"ಇದೊಂದರಾಗರ ನಾ ತಪ್ಪಬೇಕಾಗಿತ್ತಲ್ಲವಾ," ಎಂದ.

ನನಗೆ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗು, ಬಂದದ್ದು ನಿಲ್ಲಲಿಲ್ಲ. ನಗುತ್ತ ನಗುತ್ತ ಪಕ್ಕೆ ಹಿಡಿದುಕೊಂಡೆ. ಅವನು ಗಾಬರಿಯಾಗಿ ನೋಡಿದ. ಸೆರಗಿನಿಂದ ಅವನ ಮುಖ ಒರೆಸಿದೆ. ಒರೆಸಿದಷ್ಟೂ ಗುಲಾಲು ಹರಡಿತು, ನನ್ನ ಕೈಗೂ ಹತ್ತಿತು. ಹೊಲ ದಾಟಿ ರಸ್ತೆಗೆ ಹೋಗಲು ಬದುಗಳನ್ನು ಹತ್ತಿ ಇಳಿಯಬೇಕಿತ್ತು, ಅವನು ಮೊದಲ ಬದುವಿನ ಮೇಲೆ ನಿಂತು ಕೆಳಗೆ ನೋಡಿದ. ನಾನು ಕೈ ಚಾಚಿದೆ.

"ಹಿಡಕೋ ಮಾಮಾ," ಎಂದೆ. "ಮೆಲ್ಲಕ ಇಳಿ."