ಏನೂ ಗೊತ್ತಿಲ್ಲದ ಮೇಷ್ಟ್ರು

ಜೇಡಕ್ಕೆ ಎಂಟು ಕಾಲು ಎಂಬುದು ಮೂರನೇ ಕ್ಲಾಸಿನ ಮೇಷ್ಟ್ರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಆರು ವಾರದ ಹಿಂದೆ ಒಂದು ಸೋಮವಾರ, ಕೈತಪ್ಪಿ, ಬೋರ್ಡಿನ ಮೇಲೆ ಆರು ಎಂದು ಬರೆದುಬಿಟ್ಟರು. ಅಲ್ಲಿಯವರೆಗೆ ಕಿಟಕಿಯಾಚೆ ಕಣ್ಣು ನೆಟ್ಟು ಕೂತಿದ್ದ ಮೂವತ್ತೆರಡು ಮಕ್ಕಳೂ ಒಮ್ಮೆಗೇ ಇತ್ತ ತಿರುಗಿ, "ಸಾರ್, ಎಂಟು!" ಎಂದು ಕೂಗಿದರು. ತಪ್ಪೊಪ್ಪಿಕೊಳ್ಳಲು ನಾಚಿಕೆಯಾಗಿ ಮೇಷ್ಟ್ರು, "ಹೌದಾ? ನಂಗೆ ಗೊತ್ತೇ ಇರ್ಲಿಲ್ಲ. ಎಂಟು ಅಂತ ನೀವು ಹೇಗೆ ಹೇಳ್ತೀರಿ?" ಎಂದು ಜಾರಿಕೊಂಡರು. ಮರುದಿನ ಹನ್ನೊಂದು ಮಕ್ಕಳು ಬಾಟಲಿಯಲ್ಲಿ ಜೇಡ ಹಿಡಿದು ತಂದಿದ್ದರು.

ಮೇಷ್ಟ್ರ ತಲೆಯಲ್ಲಿ ದೀಪ ಹೊತ್ತಿದ್ದು ಆಗ. ಅಂದಿನಿಂದ ಅವರಿಗೆ ಏನೂ ಗೊತ್ತಿಲ್ಲ. ಮಧ್ಯಾಹ್ನ ನೆರಳು ಯಾಕೆ ಗಿಡ್ಡವಾಗುತ್ತೆ? ಗೊತ್ತಿಲ್ಲ. ಮಂಜುಗಡ್ಡೆ ನೀರಲ್ಲಿ ಯಾಕೆ ತೇಲುತ್ತೆ? ಪಾಪ, ಅದೂ ಗೊತ್ತಿಲ್ಲ. ಮಕ್ಕಳು ಮನೆಮಂದಿಯ ತಲೆ ತಿಂದರು, ಪುಸ್ತಕ ಜಾಲಾಡಿದರು, ಶಾಲೆಯ ಅಂಗಳದಲ್ಲಿ ಗಂಟೆಗೊಂದು ನೆರಳಿನ ಗೆರೆ ಎಳೆದರು. ಮೊದಲು ಎಬ್ಬಿಸಿ ನಿಲ್ಲಿಸಿದರೂ ಬಾಯಿ ಬಿಡದಿದ್ದವರು ಈಗ ಕೂರಿಸಿದರೂ ಕೂರುತ್ತಿರಲಿಲ್ಲ.

ಎಲ್ಲವೂ ಸರಿಯಾಗಿತ್ತು, ಇವತ್ತಿನವರೆಗೆ. ಇವತ್ತು ಶಾಲೆಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ಒಂಬತ್ತು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದ ಮೇಷ್ಟ್ರನ್ನು ಖಾಯಂ ಮಾಡಬೇಕೋ ಬೇಡವೋ ಎಂದು ಬರೆದುಹೋಗುವುದು ಅವರ ಕೆಲಸ. ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಲೇ ಹೆಂಡತಿ ಶುರುಮಾಡಿದಳು.

"ರೀ, ನಿನ್ನೆ ಅಂಗಡಿ ಹತ್ರ ದರ್ಜಿ ಹೆಂಡ್ತಿ ಸಿಕ್ಕಿದ್ಳು. ನಿಮ್ಮ ಯಜಮಾನ್ರಿಗೆ ಚಿಕ್ಕವರಿದ್ದಾಗ ಜ್ವರ ಏನಾದ್ರೂ ತಲೆಗೇರಿತ್ತಾ ಅಂತ ಕೇಳ್ತಾಳೆ."

"ಅದು ಪಾಠ ಮಾಡೋ ಒಂದು ವಿಧಾನ ಕಣೇ."

"ಏನಾದ್ರೂ ಆಗ್ಲಿ. ಇವತ್ತೊಂದು ದಿನ ಗೊತ್ತಿದೆ ಅಂದ್ಬಿಡಿ."

ಶಾಲೆಯ ಗೇಟಿನಲ್ಲಿ ಆ ದರ್ಜಿಯೇ ಅಳತೆಯ ಟೇಪು ಕೊರಳಲ್ಲಿ ನೇತುಹಾಕಿಕೊಂಡು ಕಾಯುತ್ತಿದ್ದ. ಅವನ ಮಗಳಿಗೆ ಕ್ಲಾಸಿನಲ್ಲಿ ಪ್ರಶ್ನೆಪೆಟ್ಟಿಗೆ ಎಂದೇ ಹೆಸರು. ಮೊದಲ ಬೆಂಚಿನಲ್ಲಿ ಕೂತು ಮೇಷ್ಟ್ರಿಗೆ ಅತಿ ಹೆಚ್ಚು ಕಲಿಸಿದವಳು ಅವಳೇ. ದರ್ಜಿಯ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು.

"ತಪ್ಪು ತಿಳ್ಕೋಬೇಡಿ ಸಾರ್. ನಮ್ಮ ಮೇಷ್ಟ್ರಿಗೆ ಏನೂ ಬರಲ್ಲ, ಆದ್ರೆ ತುಂಬಾ ಒಳ್ಳೆಯವ್ರು ಅಂತಾಳೆ ಮಗಳು. ಒಳ್ಳೆಯವ್ರು ಅನ್ನೋದನ್ನ ನಾವೂ ಒಪ್ತೀವಿ. ಆದ್ರೆ ಬರಲ್ಲ ಅನ್ನೋದಕ್ಕೆ ಏನ್ಮಾಡೋದು? ಹದಿನೈದು ಮನೆಯವ್ರು ಸಹಿ ಹಾಕಿದೀವಿ. ಸಾಹೇಬ್ರ ಕೈಗೆ ಕೊಡ್ತೀವಿ."

ಮೇಷ್ಟ್ರು ವಿಧಾನವನ್ನು ವಿವರಿಸಿದರು. ದರ್ಜಿ ಅಷ್ಟನ್ನೂ ಕೇಳಿಸಿಕೊಂಡು, ಅವರ ಹೆಗಲನ್ನು ಮೆಲ್ಲಗೆ ತಟ್ಟಿ, ಕಾಗದವನ್ನು ಇನ್ನೊಂದು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಸ್ಟಾಫ್ ರೂಮಿನಲ್ಲಿ ಐದನೇ ಕ್ಲಾಸಿನ ಮೇಷ್ಟ್ರು ಅತ್ತಿತ್ತ ನೋಡಿ, ವೃತ್ತಪತ್ರಿಕೆಯಲ್ಲಿ ಸುತ್ತಿದ ಎರಡನೇ ಕ್ಲಾಸಿನ ಪುಸ್ತಕವನ್ನು ಇವರ ಚೀಲಕ್ಕೆ ತುರುಕಿದರು. "ಒಂದು ಸಲ ಕಣ್ಣಾಡಿಸಿ. ನಾನು ಯಾರಿಗೂ ಹೇಳಲ್ಲ."

"ಅಯ್ಯೋ, ನಂಗೆ ಎಲ್ಲಾ ಬರುತ್ತೆ ಮಾರಾಯ್ರೇ! ಬೇಕೂಂತಲೇ ಬರಲ್ಲ ಅಂತಿದೀನಿ."

"ಹೌದೌದು. ನಮ್ಮ ಚಿಕ್ಕಪ್ಪನೂ ಕೆರೆಗೆ ಬಿದ್ದಾಗ ಹಾಗೇ ಕೂಗ್ತಿದ್ರು. ಈಜು ಬರುತ್ತೆ, ಬೇಕೂಂತಲೇ ಮುಳುಗ್ತಿದೀನಿ ಅಂತ."

ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ಕರೆಸಿ ಒಂದೇ ಮಾತು ಹೇಳಿದರು. "ಸಾಹೇಬ್ರ ಮುಂದೆ ಒಂದೇ ಒಂದು ಸಲ ಗೊತ್ತಿಲ್ಲ ಅಂದ್ರೆ, ನೀವು ಯಾರು ಅಂತ ನಂಗೂ ಗೊತ್ತಿಲ್ಲ." ಹೊರಗೆ ಬಂದರೆ ಹಳೆಯ ಜವಾನ ಕಾದಿದ್ದ. "ಹೆದರ್ಬೇಡಿ ಸಾರ್. ನಾನು ಕಿಟಕಿ ಹತ್ರಾನೇ ನಿಂತಿರ್ತೀನಿ. ಲೆಕ್ಕ ಬಂದ್ರೆ ಬೆರಳು ತೋರಿಸ್ತೀನಿ. ಉತ್ತರ ಹತ್ತರ ಒಳಗೇ ಇರೋ ಹಾಗೆ ನೀವು ನೋಡ್ಕೊಳ್ಳಿ."

ಮೇಷ್ಟ್ರು ಗಟ್ಟಿ ನಿರ್ಧಾರ ಮಾಡಿದರು. ಇವತ್ತು ಎಲ್ಲ ಗೊತ್ತಿರುವವರ ಹಾಗೆ ಪಾಠ ಮಾಡಿ ಮುಗಿಸುವುದು, ವಿಧಾನವೂ ಬೇಡ ಏನೂ ಬೇಡ.

ಸಾಹೇಬರು ಬಂದು ಕೊನೆಯ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ ಮುದುರಿ ಕೂತರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ನೀರು ಕಾದರೆ ಆವಿಯಾಗುತ್ತದೆ" ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಒಡನೆಯೇ ಮೂವತ್ತೆರಡು ಜೊತೆ ಕೈಗಳು ಚಪ್ಪಾಳೆ ತಟ್ಟಿದವು. ಪ್ರಶ್ನೆಪೆಟ್ಟಿಗೆ ಎದ್ದು ನಿಂತು, "ಸಾರ್, ಸರಿಯಾಗಿ ಹೇಳ್ಬಿಟ್ರಿ!" ಎಂದಳು.

ಸಾಹೇಬರು ಏನನ್ನೋ ಬರೆದುಕೊಂಡರು. ಮೇಷ್ಟ್ರು ಗಡಿಬಿಡಿಯಲ್ಲಿ ಆವಿಯನ್ನು ಬಿಟ್ಟು ಗಿಡಕ್ಕೆ ಹಾರಿ, "ಗಿಡಕ್ಕೆ ಆಹಾರ ತಯಾರಿಸೋದು ಯಾವುದು ಅಂದ್ರೆ..." ಎಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾಲ್ಕು ಕಡೆಯಿಂದ "ಸಾರ್, ಎಲೆ, ಎಲೆ" ಎಂಬ ಪಿಸುಮಾತು ಬಂತು. ಒಬ್ಬನಂತೂ ಸ್ಲೇಟಿನ ಮೇಲೆ ಎಲೆ ಬರೆದು ಎತ್ತಿ ಹಿಡಿದ. ಕಿಟಕಿಯಲ್ಲಿ ಜವಾನ ಏಳು ಬೆರಳು ತೋರಿಸುತ್ತಿದ್ದ.

"ಮೇಷ್ಟ್ರೇ," ಎಂದು ಸಾಹೇಬರು ಬೆಂಚಿನಿಂದ ಕಷ್ಟಪಟ್ಟು ಎದ್ದರು. "ನಾನು ತುಂಬಾ ಶಾಲೆ ನೋಡಿದೀನಿ. ಇಲ್ಲಿ ಪಾಠ ಯಾರು ಯಾರಿಗೆ ಮಾಡ್ತಿದಾರೆ?"

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಮೇಷ್ಟ್ರು ಜೇಡದಿಂದ ಶುರುಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಹೇಳುತ್ತ ಹೋದಂತೆ ಸಾಹೇಬರ ಹುಬ್ಬು ಮೇಲೇರಿತು. "ಅಂದ್ರೆ ಉತ್ತರಾನ ಮಕ್ಕಳೇ ಹುಡುಕ್ತಾರಾ? ಎಲ್ಲಿ, ನೋಡೋಣ!" ಎಂದು ಅವರೇ ಮಕ್ಕಳ ಹಿಂದೆ ಅಂಗಳಕ್ಕೆ ನಡೆದರು. ಮಕ್ಕಳು ನೆರಳಿನ ಗೆರೆಗಳನ್ನು ತೋರಿಸಿದರು, ಲೋಟದಲ್ಲಿ ಮಂಜುಗಡ್ಡೆ ತೇಲಿಸಿದರು. ಸಾಹೇಬರು ಕುಕ್ಕರುಗಾಲಿನಲ್ಲಿ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಸೂರ್ಯ ಎಲ್ಲಿದ್ದಾಗ ನೆರಳು ಎತ್ತ ಬೀಳುತ್ತದೆ ಎಂದು ಮಗಳು ಸಾಹೇಬರಿಗೇ ಬಿಡಿಸಿ ಹೇಳುವುದನ್ನು ಗೇಟಿನಿಂದ ಕೇಳಿದ ದರ್ಜಿ, ಜೇಬಿನ ಕಾಗದವನ್ನು ತೆಗೆದು ಸದ್ದಿಲ್ಲದೆ ಹರಿದುಹಾಕಿದ.

"ಇಪ್ಪತ್ತು ವರ್ಷದಲ್ಲಿ ಇಂಥ ಕ್ಲಾಸು ನೋಡಿಲ್ಲ ಮೇಷ್ಟ್ರೇ," ಎಂದರು ಸಾಹೇಬರು. ಒಂಬತ್ತು ವರ್ಷದಲ್ಲಿ ಯಾರೂ ಮೇಷ್ಟ್ರ ಪಾಠವನ್ನು ನೋಡಿ ಹೀಗೆ ಹೇಳಿರಲಿಲ್ಲ. ಖಾಯಂ ಎಂಬ ಶಬ್ದ ಕಿವಿಯ ಹತ್ತಿರ ಸುಳಿದಾಡಿದಂತಾಯಿತು.

ಹೊರಡುವ ಮುನ್ನ ಸಾಹೇಬರಿಗೆ ಇನ್ನೊಂದೇ ಒಂದು ಕುತೂಹಲ ಉಳಿದಿತ್ತು. ಪ್ರಶ್ನೆಪೆಟ್ಟಿಗೆಯನ್ನು ಕರೆದು, "ಮೇಷ್ಟ್ರಿಗೆ ಏನೂ ಗೊತ್ತಿಲ್ಲ ಅಂತ ನೀವೆಲ್ಲ ನಿಜವಾಗ್ಲೂ ನಂಬಿದ್ರೇನಮ್ಮ?" ಎಂದು ಕೇಳಿದರು.

ಅವಳು ಮೇಷ್ಟ್ರ ಮುಖ ನೋಡಿ ತಡವರಿಸಿದಳು. "ಅವರ ಮುಂದೇನೇ ಹೇಳ್ಬಹುದಾ ಸಾರ್?"

"ಹೇಳು, ಹೇಳು."

"ಎರಡನೇ ದಿನವೇ ಗೊತ್ತಾಯ್ತು ಸಾರ್. ಅವರ ಪುಸ್ತಕದಲ್ಲಿ ಎಲ್ಲಾ ಉತ್ತರದ ಕೆಳಗೂ ಅವರೇ ಗೆರೆ ಎಳ್ಕೊಂಡಿದ್ರು."

"ಮತ್ತೆ ಗೊತ್ತಿಲ್ದಿರೋ ಹಾಗೆ ಯಾಕಿದ್ರಿ?"

"ಮುಂಚೆ ಅವರು ಪಾಠ ಮಾಡ್ತಾ ಮಾಡ್ತಾ ಗಡಿಯಾರ ನೋಡ್ತಿದ್ರು ಸಾರ್. ನಾವು ಉತ್ತರ ತರೋಕೆ ಶುರು ಮಾಡಿದ್ಮೇಲೆ ಬೆಲ್ಲಿಗೆ ಮುಂಚೇನೇ ಬಂದು ಬಾಗಿಲಲ್ಲಿ ಕಾಯ್ತಾರೆ. ಎಷ್ಟು ಖುಷಿಯಾಗಿರ್ತಾರೆ ಗೊತ್ತಾ? ಅದಕ್ಕೆ ನಾವೆಲ್ಲ ಸೇರಿ ಮಾತಾಡ್ಕೊಂಡ್ವಿ, ದಿನಾ ಒಂದೊಂದು ಉತ್ತರ ತರೋಣ ಅಂತ. ಇಲ್ದಿದ್ರೆ ಮತ್ತೆ ಮೊದಲಿನ ಹಾಗೆ ಆಗ್ಬಿಡ್ತಾರೆ."

"ನಂಗೇನೂ ಬರಲ್ಲ ಅಂತ ಮನೇಲೆಲ್ಲ ಯಾಕಮ್ಮ ಹೇಳಿದ್ರಿ?" ಮೇಷ್ಟ್ರ ಧ್ವನಿ ಸಣ್ಣಗಾಗಿತ್ತು.

"ಊರೆಲ್ಲ ನಂಬಿದ್ರೆ ತಾನೇ ಸಾರ್ ನೀವು ನಂಬೋದು?"

"ಇವತ್ತಿನ ಚಪ್ಪಾಳೆ?" ಎಂದರು ಸಾಹೇಬರು.

"ಇವತ್ತು ತುಂಬಾ ಹೆದರಿದ್ರು ಸಾರ್. ಸ್ವಲ್ಪ ಧೈರ್ಯ ಬರ್ಲಿ ಅಂತ."

ಸಾಹೇಬರು ದೊಡ್ಡ ಮೇಡಂ ಕೋಣೆಗೆ ಹೋಗಿ ವರದಿ ಬರೆದರು. ಸಂಜೆ ಬೆಲ್ ಹೊಡೆದ ಮೇಲೆ ದೊಡ್ಡ ಮೇಡಂ ಕನ್ನಡಕ ಏರಿಸಿಕೊಂಡು ಆ ವರದಿಯನ್ನು ಮೇಷ್ಟ್ರಿಗೆ ಓದಿ ಹೇಳಿದರು. ಮೂರನೇ ಕ್ಲಾಸಿನ ಮಕ್ಕಳು ಮನೆಗೆ ಹೋಗದೆ ಬಾಗಿಲಲ್ಲಿ ಗುಂಪುಗೂಡಿದ್ದರು.

"ಮೂರನೇ ತರಗತಿಯಲ್ಲಿ ಅತ್ಯಂತ ಸೃಜನಶೀಲವಾದ ಬೋಧನಾ ವಿಧಾನ ಕಂಡುಬಂದಿದೆ. ಇದರ ಸಂಪೂರ್ಣ ಶ್ರೇಯಸ್ಸು ಮಕ್ಕಳಿಗೆ ಸಲ್ಲತಕ್ಕದ್ದು. ಕೇವಲ ಆರು ವಾರಗಳಲ್ಲಿ ಶಿಕ್ಷಕರು ಗಮನಾರ್ಹ ಪ್ರಗತಿ ಸಾಧಿಸಿದ್ದಾರೆ. ಆದರೆ ಅವರ ಕಲಿಕೆ ಇನ್ನೂ ಪೂರ್ಣಗೊಂಡಿಲ್ಲವಾದ್ದರಿಂದ, ಮುಂದಿನ ವರ್ಷ ಅವರನ್ನು ನಾಲ್ಕನೇ ತರಗತಿಯಲ್ಲೂ ಇದೇ ಮಕ್ಕಳ ಕೈಕೆಳಗೆ, ತಾತ್ಕಾಲಿಕವಾಗಿಯೇ, ಮುಂದುವರಿಸತಕ್ಕದ್ದು."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ಪ್ರಶ್ನೆಪೆಟ್ಟಿಗೆ ಮೆಲ್ಲಗೆ ಒಳಗೆ ಬಂದು ಅವರ ಕೈ ಹಿಡಿದುಕೊಂಡಳು.

"ಬೇಜಾರು ಮಾಡ್ಕೋಬೇಡಿ ಸಾರ್. ಮುಂದಿನ ವರ್ಷ ನಿಮ್ಮನ್ನ ಪಾಸು ಮಾಡಿಸೇ ಬಿಡೋದು ನಾವು."