ಸೊನ್ನೆ ನಂಬರಿನ ಮಗ್ಗ

"ನೀನು ಮೊದಲು ಬಾ, ಆಮೇಲೆ ನಾನು ಬರುತ್ತೇನೆ" ಎನ್ನುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಮುಧೋಳದಲ್ಲಿರುವ ನನ್ನ ಹೆಂಡತಿಯ ಅಣ್ಣ ಈ ಪೈಕಿ. ನಾನು ಕರೆದರೆ ಜಮಖಂಡಿಯ ನಮ್ಮ ಮನೆಗೆ ಬರುತ್ತಾನಂತೆ. ಅವನು ಒಮ್ಮೆ ಬಂದು ಹೋದರೆ ತಾನೇ ನಾನು ಕರೆಯುವುದು! ಎರಡೂ ಊರುಗಳ ನಡುವೆ ಬಸ್ಸುಗಳು ಓಡಾಡುತ್ತಲೇ ಇವೆ, ನಾವಿಬ್ಬರು ಮಾತ್ರ ಕೂತಲ್ಲೇ ಕೂತಿದ್ದೇವೆ. ಜಗಳ ಶ್ರೀಖಂಡದಿಂದ ಶುರುವಾಯಿತೆಂದು ನನ್ನ ನೆನಪು; ಹೆಂಡತಿ ಹೇಳುವ ಪ್ರಕಾರ ಆ ಊಟದಲ್ಲಿ ಶ್ರೀಖಂಡವೇ ಇರಲಿಲ್ಲ. ನೆನಪು ಖಾಲಿ ಜಾಗ ಕಂಡಲ್ಲೆಲ್ಲ ಕೈಗೆ ಸಿಕ್ಕಿದ್ದನ್ನು ತುರುಕುತ್ತದೆ. ಅದನ್ನು ನಂಬುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕಂಪ್ಯೂಟರನ್ನು ಮಾತ್ರ ನಂಬುತ್ತಿದ್ದೆ. ಅದೂ ನನ್ನ ಹೆಂಡತಿಯ ಅಣ್ಣನ ವಂಶದ್ದೇ ಎಂದು ಬನಹಟ್ಟಿಯಲ್ಲಿ ಗೊತ್ತಾಯಿತು.

ಅಲ್ಲಿನ ಒಂದು ನೇಕಾರರ ಸಂಘಕ್ಕೆ ನಾನು ಡೇಟಾಬೇಸ್ ಮಾಡಿಕೊಟ್ಟಿದ್ದೆ. ಸಂಘ ನೂಲು ಕೊಡುತ್ತದೆ, ನೇಕಾರರು ಸೀರೆ ನೇಯ್ದು ಕೊಡುತ್ತಾರೆ. ನಾನು ಹಾಕಿದ್ದು ಎರಡು ಕೋಷ್ಟಕ. ಒಂದರಲ್ಲಿ ಪ್ರತಿ ನೇಕಾರರಿಗೂ ಒಂದು ಸಾಲು, ಇನ್ನೊಂದರಲ್ಲಿ ಪ್ರತಿ ಮಗ್ಗಕ್ಕೂ ಒಂದು ಸಾಲು. ಸಭೆಯಲ್ಲಿ ಸಂಘದ ಸೆಕ್ರೆಟರಿ ಸಾಹೇಬರು ಮೇಜು ಗುದ್ದಿ, "ಮಗ್ಗ ಇಲ್ಲದಾಂವ ಎಂಥಾ ನೇಕಾರರೀ? ನೇಕಾರ ಇಲ್ಲದ ಮಗ್ಗ ಎಂಥಾ ಮಗ್ಗರೀ?" ಎಂದರು. ಚಪ್ಪಾಳೆಯೋ ಚಪ್ಪಾಳೆ. ಆ ಆವೇಶದಲ್ಲಿ ನಾನು ನೇಕಾರರ ಸಾಲಿನಲ್ಲಿ ಮಗ್ಗದ ನಂಬರನ್ನೂ, ಮಗ್ಗದ ಸಾಲಿನಲ್ಲಿ ನೇಕಾರರ ನಂಬರನ್ನೂ ಕಡ್ಡಾಯ ಮಾಡಿಬಿಟ್ಟೆ. "ಒಂದು ಖಾನೆಯೂ ಖಾಲಿ ಉಳಿಯುವುದಿಲ್ಲ" ಎಂದು ಎದ್ದು ನಿಂತು ಸಾರಿದೆ. ಹಳಬರ ಹೆಸರುಗಳನ್ನೆಲ್ಲ ಈ ನಿಯಮ ಹಾಕುವುದಕ್ಕೆ ಮೊದಲೇ ತುಂಬಿಯಾಗಿತ್ತು, ಹಾಗಾಗಿ ಇದರ ತೊಡಕು ಯಾರಿಗೂ ಕಾಣಲಿಲ್ಲ.

ಆಮೇಲೆ ಮಹಾದೇವಿ ಬಂದಳು. ಅತ್ತೆಯ ಮಗ್ಗದಲ್ಲಿ ಅತ್ತೆಯ ಹೆಸರಿನಲ್ಲೇ ನೇಯುತ್ತಿದ್ದವಳು ಬೇರೆಯಾಗಿ, ಬಾಡಿಗೆ ಕೋಣೆಯಲ್ಲಿ ಸ್ವಂತ ಮಗ್ಗ ಹೂಡಿದ್ದಳು. ಬೇಕಾದದ್ದು ನೂಲು. ಕಂಪ್ಯೂಟರಿನಲ್ಲಿ ಹೆಸರಿಲ್ಲದೆ ನೂಲಿಲ್ಲ. ಅವಳ ಹೆಸರು ಹಾಕಲು ಹೋದರೆ ಅದು ಮಗ್ಗದ ನಂಬರು ಕೊಡು ಎಂದಿತು. ಸರಿ, ಮೊದಲು ಮಗ್ಗವನ್ನೇ ಹಾಕೋಣ ಎಂದರೆ ನೇಕಾರರ ನಂಬರು ಕೊಡು ಎಂದಿತು. ಅತ್ತಿಂದಿತ್ತ ಇತ್ತಿಂದತ್ತ ಓಡಾಡಿ ನಾನು ಬೆವೆತೆ.

"ಅಲ್ರೀ ಸರ, ನಾ ಇಲ್ಲೇ ಕುಂತೇನಿ, ಮಗ್ಗ ಮನ್ಯಾಗ ನಿಂತೈತಿ. ಈ ಡಬ್ಬಿಗಿ ಕಣ್ಣಿಲ್ಲೇನ್ರಿ?" ಎಂದಳು ಮಹಾದೇವಿ.

ಸೆಕ್ರೆಟರಿಗೆ ಉಪಾಯ ಹೊಳೆಯಿತು. "ತಂಗೀ, ಸದ್ಯ ನಿನ್ನ ಹೆಸರು ನಿಮ್ಮ ಅತ್ತಿ ಮಗ್ಗಕ್ಕ ಹಚ್ಚೋಣು. ನಿನಗ ನಂಬರ ಸಿಕ್ಕಿಂದ ನಿನ್ನ ಮಗ್ಗ ಬರಸೋಣು. ಆಮ್ಯಾಲ ನಿನ್ನ ಹೆಸರು ಅಲ್ಲಿಂದ ಕಿತ್ತು ಇಲ್ಲಿ ಹಚ್ಚಿದ್ರಾತು. ಎರಡ ನಿಮಿಷದ ಕೆಲಸ."

"ಎರಡ ನಿಮಿಷ ಅಂತ್ರೀ! ಆ ಮಗ್ಗ ಬಿಟ್ಟು ಏಳಾಕ ನನ್ನ ಅರ್ಧಾ ಆಯುಷ್ಯ ಹೋಗೇತಿ. ಒಂದ ಉಸರು ಬಿಡೂ ಹೊತ್ತೂ ಅಲ್ಲಿ ನನ್ನ ಹೆಸರು ಬ್ಯಾಡ. ನೂಲು ಕೊಡದಿದ್ರ ಬಿಡ್ರಿ, ಕೂಲಿಗಿ ಹೋಗ್ತೇನಿ" ಎಂದು ಅವಳು ನೀರು ಕುಡಿಯಲು ಹೊರಗೆ ಎದ್ದು ಹೋದಳು.

ಅವಳು ತಿರುಗಿ ಬರುವುದರೊಳಗೆ ಹೆಸರು ಅತ್ತೆಯ ಮಗ್ಗಕ್ಕೆ ಸೇರಿತ್ತು. ಕೀಲಿ ಒತ್ತಿದ್ದು ಸೆಕ್ರೆಟರಿಯ ಬೆರಳು ಎಂದು ನನ್ನ ನೆನಪು. ಅವರ ನೆನಪು ಬೇರೆಯೇ ಇದೆ. ಮಗ್ಗಕ್ಕೆ ಯಾರು ಸೇರಿದರೂ ಅದರ ಒಡೆಯರ ಮೊಬೈಲಿಗೆ ತಾನಾಗಿ ಸಂದೇಶ ಹೋಗುವ ಏರ್ಪಾಟನ್ನು ನಾನೇ ಹೆಮ್ಮೆಯಿಂದ ಮಾಡಿದ್ದೆ, ಮತ್ತು ನಾನೇ ಮರೆತಿದ್ದೆ. ಹಿಂದಿನ ಓಣಿಯಿಂದ ಅತ್ತೆ ಫೋನನ್ನು ಪಂಜಿನಂತೆ ಎತ್ತಿ ಹಿಡಿದುಕೊಂಡು ಬಂದಳು.

"ಬಂದ್ಲಲ್ಲೋ ಯಪ್ಪಾ ಹಾದಿಗಿ! ಸೊಸಿ ನನ್ನ ಮಗ್ಗಕ್ಕ ಸೇರ್ಯಾಳಂತ ಕಂಪ್ಯೂಟರನ ಹೇಳೇತಿ!"

ಬಾಗಿಲಲ್ಲಿ ನಿಂತಿದ್ದ ಮಹಾದೇವಿ ಅತ್ತೆಯ ಕಡೆ ತಿರುಗಲೇ ಇಲ್ಲ. ನನ್ನನ್ನು ನೋಡಿ, "ಸರ, ನೀವು ಸಾಲಿ ಕಲತವರ ಹೌದಲ್ರಿ?" ಎಂದಳು.

ಅವಳ ಹೆಸರನ್ನು ಅಲ್ಲಿಂದ ಅಳಿಸಿದೆ. ಇದಕ್ಕೆ ಮದ್ದೆಂದರೆ, ಒಂದು ಖಾನೆ ಸ್ವಲ್ಪ ಹೊತ್ತು ಖಾಲಿ ಇರಲು ಬಿಡಬೇಕು, ಇಲ್ಲವೇ ಎರಡೂ ಸಾಲು ಜೊತೆಗೇ ಒಳಗೆ ಬಂದ ಮೇಲೆ ತಪಾಸಣೆ ಮಾಡಬೇಕು. ಇದು ಈ ಕಸುಬಿನವರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೆ ಅಷ್ಟು ಜನರೆದುರು ಸಾರಿದ ಮಾತನ್ನು ನುಂಗುವುದೆಂದರೇನು! ನಿಯಮವನ್ನು ಗುಟ್ಟಾಗಿ ಒಂದು ಗಳಿಗೆ ತೆಗೆದು, ಒಬ್ಬ ನೇಕಾರನನ್ನೂ ಒಂದು ಮಗ್ಗವನ್ನೂ ಹುಟ್ಟಿಸಿ, ಪರಸ್ಪರ ಗಂಟು ಹಾಕಿ, ನಿಯಮವನ್ನು ಮತ್ತೆ ಹಾಕಿದೆ. ಮಗ್ಗದ ನಂಬರು ಸೊನ್ನೆ. ನೇಕಾರ ನಾನೇ. ಹೊಸಬರೆಲ್ಲ ಇನ್ನು ನನ್ನ ಮಗ್ಗಕ್ಕೆ ಸೇರಿ, ನಂಬರು ಪಡೆದು, ತಮ್ಮ ಮಗ್ಗಕ್ಕೆ ಹೋಗಲಿ.

"ನಿಮ್ಮ ಮಗ್ಗಕ್ಕ ಕುಂತ್ರ ನೀವು ಏನೂ ಅನ್ನಂಗಿಲ್ಲಲ್ರಿ?" ಮಹಾದೇವಿಗೆ ಇನ್ನೂ ಅನುಮಾನ.

"ಏನಂತ ಅನ್ನಲವ್ವಾ? ನನಗ ನೇಯಾಕ ಬರಂಗಿಲ್ಲ."

ಅಂದು ಸಂಜೆ ಅವಳು ನೂಲು ಹೊತ್ತುಕೊಂಡು ಹೋದಳು. ತಿರುಗಿ ಕೂಡ ನೋಡಲಿಲ್ಲ.

ಮೊನ್ನೆ ನನ್ನ ಮೊಬೈಲಿಗೆ ಸಂಘದ ಸಂದೇಶ ಬಂತು. ಹೆಂಡತಿ ಗಟ್ಟಿಯಾಗಿ ಓದಿದಳು: "ನಿಮ್ಮ ಮಗ್ಗದಿಂದ ಈವರೆಗೆ ಒಂದು ಸೀರೆಯೂ ಬಂದಿಲ್ಲ. ನಿಮ್ಮಲ್ಲಿ ಸೇರಿದವರೆಲ್ಲ ಎರಡೇ ನಿಮಿಷದಲ್ಲಿ ಬಿಟ್ಟು ಹೋಗುತ್ತಿದ್ದಾರೆ. ಕಾರಣ ತಿಳಿಸಿ." ಇಂಥ ಉದ್ಧಟ ಪ್ರಶ್ನೆಯನ್ನು ಕಂಪ್ಯೂಟರಿಗೆ ಕಲಿಸಿದವನು ಯಾರು ಎಂದು ನಾನು ಕೂಗಾಡಿದೆ, ಕೂಗಾಡುತ್ತಿರುವಾಗಲೇ ಉತ್ತರ ಹೊಳೆಯಿತು: ನಾನೇ. ಹೆಂಡತಿ ಅಷ್ಟರಲ್ಲಿ ಮುಧೋಳಕ್ಕೆ ಫೋನ್ ಹಚ್ಚಿದ್ದಳು. "ಅಣ್ಣಾ, ಕೇಳಿಲ್ಲಿ. ಇವರ ಹತ್ರ ಯಾರೂ ಎರಡ ನಿಮಿಷದ ಮ್ಯಾಲ ನಿಲ್ಲಂಗಿಲ್ಲಂತ ಸಂಘದವರಿಗೂ ಗೊತ್ತಾಗೇತಿ!"

ಮರುದಿನ ಬಾಗಿಲು ತೆರೆದರೆ ಅವನೇ ನಿಂತಿದ್ದಾನೆ, ಹೆಗಲಿಗೆ ಚೀಲ, ಮೀಸೆಯಡಿ ನಗು.

"ಎಲ್ಲೈತ್ರೀ ನಿಮ್ಮ ಮಗ್ಗ? ನೋಡಾಕ ಬಂದೇನಿ. ಮೊದಲ ನಾನ ಬಂದೆ ನೋಡ್ರಿ. ಈಗರ ಕರೀರಿ."

ಎದುರು ಮನೆಯವರು ನೋಡುತ್ತಿದ್ದರು. ಅವನು ಅಷ್ಟರಲ್ಲಿ ಒಳಗೆ ಹೋಗಿ ಕೂತಿದ್ದ; ನಾನು ಹೊಸ್ತಿಲಾಚೆ ನಿಂತು, ಕೂತವನನ್ನೇ ಒಳಗೆ ಬಾ ಎಂದು ಕರೆದೆ. ಎರಡು ನಿಮಿಷದಲ್ಲಿ ಹೋದಾನೆಂದು ನಿನ್ನೆಯಿಂದ ಕಾಯುತ್ತಿದ್ದೇನೆ. ಇಂದು ಮಧ್ಯಾಹ್ನ ನನ್ನನ್ನೇ ಶ್ರೀಖಂಡ ತರಲು ಕಳಿಸಿದ್ದಾನೆ.